ನಾಲ್ಕು ತಾಲೂಕಿಗೆ ಎಂಟು ಅಕ್ಷರ

ಇಸಾಕ ಬಾಗವಾನ ತನ್ನ ಹೆಂಡತಿಯ ಹೆಸರನ್ನು ಇನ್ನೂರು ಜನರ ಮುಂದೆ ಇಪ್ಪತ್ತೊಂಬತ್ತು ಇಂಚಿನ ಟೀವಿಯಲ್ಲಿ ತೋರಿಸಿದ್ದು ಎರಡು ಸಾವಿರದನೇ ಇಸವಿಯ ನವೆಂಬರ್ ಒಂದನೇ ತಾರೀಖು. ತೋರಿಸಬೇಕೆಂದು ತೋರಿಸಿದ್ದಲ್ಲ.

ಅಂದು ಇಂಡಿಯಲ್ಲಿ ಭೀಮಾ-ಡೋಣಿ ನೇತ್ರ ಸೇವಾ ಮಂಡಳಿಯ ಕಂಪ್ಯೂಟರ್ ಉದ್ಘಾಟನೆ. ಹಿಂದಿನ ಸಾಲಿನವರಿಗೂ ಕಾಣಲಿ ಎಂದು ಇಸಾಕ ಮದುವೆ ವಿಡಿಯೋದ ಟೀವಿ ತಂದು ತಾನೇ ವೈರು ಜೋಡಿಸಿದ್ದ. ಪರದೆಯ ಮೇಲೆ ಎರಡು ಚೌಕ. ಮೇಲಿನದರಲ್ಲಿ ಬಳಸುವವನ ಹೆಸರು, ಕೆಳಗಿನದರಲ್ಲಿ ಪಾಸ್‌ವರ್ಡು. ಕೆಳಗಿನದರಲ್ಲಿ ಏನು ಹೊಡೆದರೂ ಬರೀ ಚುಕ್ಕಿ ಮೂಡುತ್ತದೆ. ಮೇಲಿನದರಲ್ಲಿ ಹೊಡೆದದ್ದು ಹೊಡೆದ ಹಾಗೇ ಕಾಣುತ್ತದೆ. ಕಣ್ಣು ಅತಿಥಿಗಳ ಮೇಲಿದ್ದುದರಿಂದ ಇಸಾಕನ ಬೆರಳುಗಳು ಕೆಳಗಿನದನ್ನು ಮೇಲೆ ಹೊಡೆದವು. ಕಣ್ಣಿನ ಮಂಡಳಿಯಲ್ಲಿ ಕಣ್ಣು ತಪ್ಪಿದ್ದು ಅದೇ ಮೊದಲು.

ಮಂಡಳಿಯ ಕಾರ್ಯದರ್ಶಿ ಬಸಂತರಾಯರು ಕನ್ನಡಕ ಏರಿಸಿ, ಮೈಕು ಬಾಯಿಯ ಹತ್ತಿರವೇ ಇದ್ದದ್ದು ಮರೆತು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಅ... ಬಿ... ದಾ. ಇದ್ಯಾವ ಕಂಪನಿ ಇಸಾಕ?"

ಹೆಂಗಸರ ಸಾಲಿನಿಂದ ಯಾರೋ ಕೂಗಿದರು: "ಕಂಪನಿ ಇಲ್ಲೇ ಕುಂತೈತ್ರಿ ಸಾಹೇಬ್ರ!"

ಅಬಿದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಸಾಕ ಟೀವಿಯ ವೈರು ಕಿತ್ತ. ಮಂಡಳಿಯ ಮೊದಲ ಕಂಪ್ಯೂಟರ್ ನಿಯಮ ಅಂದು ಸಂಜೆಯೇ ಹುಟ್ಟಿತು: ಮನೆಯವರ ಹೆಸರನ್ನು ಯಂತ್ರಕ್ಕೆ ಇಡತಕ್ಕದ್ದಲ್ಲ.

ಇಸಾಕ ಲಿಂಬಿ ವ್ಯಾಪಾರದ ಮನೆಯವನು. ಅವನ ಅಪ್ಪ ಯಾರ ಜೊತೆಯಾದರೂ ಮಾತಾಡುತ್ತಲೇ, ಕೆಳಗೆ ನೋಡದೆ, ಲಿಂಬಿಯನ್ನು ದೊಡ್ಡದು, ಮಧ್ಯಮ, ಸಣ್ಣದು, ಉಪ್ಪಿನಕಾಯಿಗೆ ಎಂದು ನಾಲ್ಕು ಗುಂಪಾಗಿ ಎಸೆಯುತ್ತಿದ್ದ. ಮಗನಿಗೆ ಅದು ಬರಲಿಲ್ಲ. ಹತ್ತನೆಯ ವರ್ಷಕ್ಕೆ ಅವನು ಅಪ್ಪನ ಟ್ರಾನ್ಸಿಸ್ಟರ್ ಬಿಚ್ಚಿದ, ಹನ್ನೊಂದನೆಯ ವರ್ಷಕ್ಕೆ ಜೋಡಿಸಿದ. ನಡುವಿನ ಒಂದು ವರ್ಷ ಮನೆಯಲ್ಲಿ ವಾರ್ತೆ ಇರಲಿಲ್ಲ, ಬೈಗುಳ ಇತ್ತು. ಮುಂದೆ ವಿಜಾಪುರದಲ್ಲಿ ಐಟಿಐ ಮುಗಿಸಿ, ಇಂಡಿ ಬಸ್ ನಿಲ್ದಾಣದ ಎದುರಿಗೆ ಅಂಗಡಿ ಇಟ್ಟ. ರೇಡಿಯೋ, ಟೇಪು, ಮಿಕ್ಸರು, ಟ್ರ್ಯಾಕ್ಟರಿನ ಸ್ಟೀರಿಯೋ, ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಸಣ್ಣ ಸ್ಕ್ರೂಡ್ರೈವರ್ ಒಂದು ಸದಾ ಬಲಗಿವಿಯ ಮೇಲೆ. ಮದುವೆಯ ಫೋಟೋದಲ್ಲೂ ಅದಿದೆ. ಸೆಹರಾದ ಹೂವು ಎಷ್ಟು ಇಳಿಬಿದ್ದರೂ ಅದನ್ನು ಮುಚ್ಚಲಾಗಿಲ್ಲ.

"ಲಿಂಬಿ ಬಿಟ್ಟು ಇದನ್ಯಾಕ ಹಿಡದ್ಯೋ?" ಎಂದು ಅಪ್ಪನ ಸ್ನೇಹಿತರು ಕೇಳಿದರೆ ಅವನ ಉತ್ತರ ಒಂದೇ. "ಲಿಂಬಿ ಎಲ್ಲಾ ಒಂದ ನಮೂನಿ ಕೊಳೀತಾವ ಕಾಕಾ. ಇವು ಒಂದೊಂದು ಒಂದೊಂದು ನಮೂನಿ ಕೆಡತಾವ."

ಅವನ ಈ ಅಭಿರುಚಿಗೆ ತಕ್ಕ ಕೆಲಸವನ್ನು ಮಂಡಳಿ ಒದಗಿಸಿತು.

ಮಂಡಳಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ಕಡೆ ತಪಾಸಣೆ ಕೇಂದ್ರಗಳಿದ್ದವು. ಪೊರೆ ಬಂದ ಕಣ್ಣುಗಳನ್ನು ವರ್ಷವಿಡೀ ಅಲ್ಲಲ್ಲೇ ಅಳೆದಿಡುವುದು. ವರ್ಷಕ್ಕೆ ಎರಡು ಸಲ, ಫೆಬ್ರವರಿಗೊಮ್ಮೆ, ದೀಪಾವಳಿ ಆದ ಮೇಲೊಮ್ಮೆ, ಸೊಲ್ಲಾಪುರದ ಡಾಕ್ಟರು ಇಂಡಿಗೆ ಬಂದು ಆಪರೇಷನ್ ಮಾಡುವುದು. ಒಬ್ಬೊಬ್ಬರ ಕಣ್ಣಿಗೂ ಒಂದೊಂದು ಅಳತೆಯ ಲೆನ್ಸು. ಪಟ್ಟಿಯಲ್ಲಿ ಎಷ್ಟು ಹೆಸರೋ ಅಷ್ಟೇ ಲೆನ್ಸು ಸೊಲ್ಲಾಪುರದಿಂದ ಹೊರಡುತ್ತಿದ್ದವು. ಮೊದಲೆಲ್ಲ ಈ ಅಳತೆಗಳನ್ನು ಫೋನಿನಲ್ಲಿ ಕೂಗಿ ಬರೆಸುತ್ತಿದ್ದರು. ಒಂದು ಶಿಬಿರದಲ್ಲಿ ಒಬ್ಬರ ಅಂಕಿ ಇನ್ನೊಬ್ಬರಿಗೆ ಹೋಗಿ, ಸಿಂದಗಿಯ ಮುದುಕರೊಬ್ಬರಿಗೆ ಪಕ್ಕದೂರಿನ ಹೊಲ ಚೆನ್ನಾಗಿ ಕಾಣತೊಡಗಿತು, ಮುಂದಿನ ತಾಟು ಕಾಣಲಿಲ್ಲ. ಡಾಕ್ಟರು ಸಿಟ್ಟಾದರು. ಇನ್ನು ಬಾಯಿಮಾತಿನ ಅಂಕಿ ಬೇಡ, ಯಂತ್ರದಿಂದ ಯಂತ್ರಕ್ಕೆ ಬಂದ ಪಟ್ಟಿ ಮಾತ್ರ, ಅದೂ ಶಿಬಿರದ ಹಿಂದಿನ ಬುಧವಾರ ಸಂಜೆ ನಾಲ್ಕರೊಳಗೆ. ಆಮೇಲೆ ಬಂದ ಹೆಸರಿಗೆ ಲೆನ್ಸು ಇಲ್ಲ ಎಂದುಬಿಟ್ಟರು.

ಯಂತ್ರಗಳೇನೋ ಬಂದವು. ನಾಲ್ಕೂ ದಾನದವು, ನಾಲ್ಕು ಬೇರೆ ಬೇರೆ ದಾನಿಗಳಿಂದ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ಸರಿ. ಆದರೆ ಹಸು ಬಾಯಿಯನ್ನಾದರೂ ತೆರೆಯಬೇಕಲ್ಲ.

ಇಂಡಿಯದು ಯುನಿಕ್ಸ್ ಎಂಬ ಹಳೆಯ ಕುಳ. ಎಲ್ಲರ ಪಟ್ಟಿಯೂ ಬಂದು ಸೇರಬೇಕಾದದ್ದು ಅದರ ಹೊಟ್ಟೆಗೆ. ಪಾಸ್‌ವರ್ಡಿನಲ್ಲಿ ಅದು ಎಂಟು ಅಕ್ಷರ ನೋಡುತ್ತಿತ್ತು. ಒಂಬತ್ತನೆಯದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಇಂಗ್ಲಿಷಿನ ದೊಡ್ಡಕ್ಷರಕ್ಕೂ ಸಣ್ಣಕ್ಷರಕ್ಕೂ ಅದರ ಪಾಲಿಗೆ ಹಗಲು ರಾತ್ರಿಯ ವ್ಯತ್ಯಾಸ. ಸಿಂದಗಿಯ ವಿಂಡೋಸ್ ತೊಂಬತ್ತೆಂಟಿಗೆ ಈ ಭೇದವೇ ಇರಲಿಲ್ಲ. ಸಣ್ಣದಾಗಿ ಹೊಡೆದರೂ ಅದು ಇಂಡಿಗೆ ದೊಡ್ಡಕ್ಷರದಲ್ಲೇ ಕಳಿಸುತ್ತಿತ್ತು, ಸಿಂದಗಿ ಸಂತೆಯಲ್ಲಿ ಪಿಸುಮಾತು ಇಲ್ಲದ ಹಾಗೆ. ಬಾಗೇವಾಡಿಯ ತೊಂಬತ್ತೈದು ಎಲ್ಲರಿಗೂ ಬಾಗುತ್ತಿತ್ತು. ಎಡ ಮೂಲೆಯ ಒಂದು ಗುಂಡಿ ಒತ್ತಿದರೆ ಪಾಸ್‌ವರ್ಡು ಕೇಳದೆ ಒಳಗೆ ಬಿಡುತ್ತಿತ್ತು. ಯಾರು, ಎತ್ತ, ಯಾವ ಜಾತಿ ಎಂದು ಆ ಊರಿನಲ್ಲಿ ಯಂತ್ರವೂ ಕೇಳಲಿಲ್ಲ. ಎಷ್ಟು ಮುದ್ದು ಮಾಡಿದರೂ ಬಗ್ಗದ್ದು ಮುದ್ದೇಬಿಹಾಳದ್ದು. ಅದು ವಿಂಡೋಸ್ ಎನ್‌ಟಿ, ಮುಚ್ಚಿಹೋದ ಯಾವುದೋ ನೂಲಿನ ಗಿರಣಿಯಿಂದ ಬಂದದ್ದು, ಕಾನ್ವೆಂಟಿನ ಹೆಡ್ ಸಿಸ್ಟರ್ ಇದ್ದ ಹಾಗೆ. ಪಾಸ್‌ವರ್ಡು ಎಂಟಕ್ಷರಕ್ಕೆ ಕಡಿಮೆ ಇರಕೂಡದು. ಮೂವತ್ತು ದಿನಕ್ಕೊಮ್ಮೆ ಹೊಸದಾಗಬೇಕು. ಹಳೆಯದನ್ನು ಮತ್ತೆ ತರಕೂಡದು. ಮೂರು ಸಲ ತಪ್ಪಿದರೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಆ ಬಾಗಿಲು ತೆಗೆಯುವ, ಈ ನಿಯಮಗಳನ್ನೆಲ್ಲ ಬದಲಿಸುವ ದೊಡ್ಡ ಕೀಲಿಯೊಂದಿತ್ತು. ಅದು ಗಿರಣಿಯ ಹಳೆಯ ಮ್ಯಾನೇಜರನ ತಲೆಯಲ್ಲಿತ್ತು. ಮ್ಯಾನೇಜರು ಎಲ್ಲಿದ್ದಾನೆ ಎಂದು ಗಿರಣಿಗೂ ಗೊತ್ತಿರಲಿಲ್ಲ.

ಫೋನಿನ ತಂತಿಯ ಮೇಲೆ ಈ ಮೂರೂ ಇಂಡಿಯ ಬಾಗಿಲು ತಟ್ಟಿ ಒಳಗೆ ಹೋಗಬೇಕಾದರೆ ಎಲ್ಲ ಕಡೆ ಒಂದೇ ಪಾಸ್‌ವರ್ಡು ಇರಬೇಕಿತ್ತು. ಇಸಾಕ ಲಿಂಬಿ ಪೆಟ್ಟಿಗೆಯ ಹಲಗೆಯೊಂದರ ಮೇಲೆ ನಾಲ್ಕು ಮನೆ ಹಾಕಿ, ಯಾರಿಗೆ ಏನು ಆಗುವುದಿಲ್ಲ ಎಂದು ಬರೆದ. ಆಗುವುದೇನು ಎಂದು ಬರೆಯಲು ಕಡಿಮೆ ಜಾಗವೇ ಸಾಕಾಯಿತು.

"ಬೀಗರ ಊಟ ಇದ್ದಂಗ್ರಿ ಇದು," ಎಂದು ಬಸಂತರಾಯರಿಗೆ ವಿವರಿಸಿದ. "ಒಬ್ಬರು ಖಾರ ತಿನ್ನೂದಿಲ್ಲ, ಒಬ್ಬರು ಉಳ್ಳಾಗಡ್ಡಿ ತಿನ್ನೂದಿಲ್ಲ, ಒಬ್ಬರಿಗೆ ಸಿಹಿ ನಡಿಯೂದಿಲ್ಲ. ಎಲ್ಲಾರೂ ತಿನ್ನೂವಂಥಾದ್ದು ಏನ ಉಳಿತೈತಿ ನೋಡಬೇಕ್ರಿ."

"ಏನ ಉಳೀತು?"

"ಮಜ್ಜಿಗಿ-ಅನ್ನ ಉಳೀತ್ರಿ. ಎಂಟೇ ಅಕ್ಷರ, ಹೆಚ್ಚಿಲ್ಲ ಕಡಿಮಿ ಇಲ್ಲ. ಎಲ್ಲಾ ದೊಡ್ಡಕ್ಷರ. ತಿಂಗಳಾ ಒಂದನೇ ತಾರೀಖಿಗೆ ನಾಕೂ ಕಡೆ ಕೂಡೇ ಬದಲ ಮಾಡೂದು."

ಬಸಂತರಾಯರು ಒಪ್ಪಿದರು. ಬೀಗರಲ್ಲಿ ಯಾರೂ ಮುನಿಯಲಿಲ್ಲ. ಪದ ಆರಿಸುವ ಸರದಿ ತಿಂಗಳಿಗೊಂದು ಕೇಂದ್ರದ್ದು. ಆರಿಸಿದ ಪದವನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ, ಯಾಕೆಂದರೆ ಇಂಡಿಯ ಫೋನು ಬಸಂತರಾಯರ ಮೇಜಿನ ಮೇಲಿತ್ತು, ಮೇಜಿನ ಸುತ್ತ ಊರಿತ್ತು. ಹಾಗಾಗಿ ಚೀಟಿಯಲ್ಲಿ ಬರೆದು, ಕಡ್ಡಿಪೆಟ್ಟಿಗೆಯಲ್ಲಿಟ್ಟು, ದಾರ ಸುತ್ತಿ, ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅವನು ವಿಜಾಪುರದಲ್ಲಿ ಇಂಡಿ ಬಸ್ಸಿನವನಿಗೆ ಕೊಡುವುದು. ಗುಟ್ಟೊಂದನ್ನು ಕಾಪಾಡಲು ಇಬ್ಬರು ಅಪರಿಚಿತರ ಕೈಗೆ ಕೊಡುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಕಡೆ ಬುತ್ತಿ, ಔಷಧ, ರಿಪೇರಿಯಾದ ಕನ್ನಡಕ, ಕನ್ಯೆಯ ಫೋಟೋ ಎಲ್ಲ ಹಾಗೇ ಹೋಗುತ್ತವೆ, ಹಾಗೇ ಮುಟ್ಟುತ್ತವೆ. ಕನ್ಯೆಯ ಫೋಟೋ ನಂಬಿ ಕೊಟ್ಟ ಮೇಲೆ ಎಂಟಕ್ಷರದ್ದೇನು ದೊಡ್ಡದು.

ನವೆಂಬರು ಸುಗಮವಾಗಿ ಹೋಯಿತು. ಡಿಸೆಂಬರೂ ಹೋಯಿತು. ಡಿಸೆಂಬರಿನಲ್ಲಿ ಇಸಾಕ ಮುದ್ದೇಬಿಹಾಳ ಕೇಂದ್ರಕ್ಕೆ ಹೋದಾಗ ಬೆಂಚಿನ ಮೇಲೆ ಸೈದಾಬಿ ಕುಳಿತಿದ್ದಳು. ನಾಲತವಾಡದ ಸೈದಾಬಿ ಕೌದಿ ಹೊಲಿಯುವವಳು. ಆ ಸುತ್ತಿನಲ್ಲಿ ಅವಳು ಹೊಲಿದ ಕೌದಿ ಹೊದೆಯದೆ ಬೆಳೆದವರು ಕಡಿಮೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನ ಮುಂದೆ ಮಬ್ಬು. ಹಿಂದಿನ ತಿಂಗಳು ಗಿರಾಕಿಯೊಬ್ಬರ ಕೌದಿಗೆ ತನ್ನ ಸೆರಗನ್ನೂ ಸೇರಿಸಿ ಹೊಲಿದು, ಏಳಲು ಹೋದಾಗ ಕೌದಿಯೂ ಜೊತೆಗೆ ಎದ್ದಿತ್ತಂತೆ. ಈ ಶಿಬಿರ ತಪ್ಪಿದರೆ ದೀಪಾವಳಿಯವರೆಗೆ ಆ ಕಣ್ಣು ಕಾಯುತ್ತದೆ ಎಂದು ಹೇಳಲಾಗದು ಎಂದು ಅವಳ ಚೀಟಿಯ ಮೇಲೆ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು.

"ನನಗ ದುನಿಯಾ ಕಾಣಬೇಕಂತಿಲ್ಲ ಬೇಟಾ," ಎಂದಳು ಸೈದಾಬಿ. "ದುನಿಯಾ ನೋಡೇನಿ. ಸೂಜಿ ತೂತು ಕಂಡ್ರ ಸಾಕು."

"ಫೆಬ್ರವರಿಗೆ ಕಾಣತೈತಿ ಚಾಚಿ. ನಿನ್ನ ಹೆಸರು ಪಟ್ಟಿಯಾಗ ಐತಿ," ಎಂದು ಇಸಾಕ ಮಾತು ಕೊಟ್ಟ. ಪಟ್ಟಿಯಲ್ಲಿ ಅವಳದು ಏಳನೆಯ ಹೆಸರು.

ಕೊಟ್ಟ ಮಾತಿಗೆ ಕುತ್ತು ಬಂದದ್ದು ಜನವರಿ ಮೂವತ್ತೊಂದರಂದು, ಪಟ್ಟಿ ಮುಗಿಯಬೇಕಾದ ಅದೇ ಬುಧವಾರ. ಇಸಾಕ ತಿಂಗಳು ಎಂದರೆ ತಿಂಗಳು ಎಂದುಕೊಂಡಿದ್ದ. ಮುದ್ದೇಬಿಹಾಳದ ಯಂತ್ರಕ್ಕೆ ತಿಂಗಳು ಗೊತ್ತಿಲ್ಲ, ಮೂವತ್ತು ದಿನ ಗೊತ್ತು. ನವೆಂಬರಿಗೆ ಮೂವತ್ತೇ ದಿನ. ಡಿಸೆಂಬರಿನ ಮೂವತ್ತೊಂದು ಭಾನುವಾರ ಬಂದು ಕೇಂದ್ರಕ್ಕೆ ರಜೆ. ಜನವರಿಯಲ್ಲಿ ತಪ್ಪಿಸಿಕೊಳ್ಳಲು ಭಾನುವಾರ ಇರಲಿಲ್ಲ. ಮಂಗಳವಾರ ಸಂಜೆಯೇ ಯಂತ್ರ, ನಾಳೆಗೆ ನಿನ್ನ ಪದ ಮುಗಿಯಿತು, ಹೊಸದು ಕೊಡು ಎಂದಿತು. ಆ ಕೇಂದ್ರದ ಆಪರೇಟರ್ ವಿದ್ಯಾವತಿ ಹಿರೇಮಠ ಮರುದಿನ ನಾದಿನಿಯ ಕೂಸಿನ ತೊಟ್ಟಿಲಿಗೆಂದು ರಜೆ ಹಾಕಿದ್ದಳು. ಫೆಬ್ರವರಿಯ ಪದ ಆರಿಸುವ ಸರದಿ ಹೇಗೂ ತನ್ನದೇ. ಅವಳು ಆಗಲೇ ಹೊಸ ಪದ ಕೊಟ್ಟಳು, ಚೀಟಿ ಬರೆದು ಕಡ್ಡಿಪೆಟ್ಟಿಗೆಯನ್ನು ಕೊನೆಯ ಬಸ್ಸಿಗೆ ಕೊಟ್ಟಳು, ಹನ್ನೊಂದು ಜನರ ಹೆಸರು-ಅಳತೆ ಏರಿಸಿದ ಯಂತ್ರವನ್ನು ತೆರೆದೇ ಇಟ್ಟು, "ನಾಳೆ ಮಧ್ಯಾಹ್ನ ಈ ಗುಂಡಿ ಒತ್ತು, ಇಂಡಿಗೆ ಹೋಗತೈತಿ," ಎಂದು ಕಾವಲುಗಾರ ರಾಚಪ್ಪನಿಗೆ ತೋರಿಸಿ ಹೋದಳು.

ಕಂಡಕ್ಟರಿಗೆ ಮರುದಿನ ವಾರದ ರಜೆ. ಕಡ್ಡಿಪೆಟ್ಟಿಗೆ ಅವನ ಖಾಕಿ ಅಂಗಿಯ ಜೇಬಿನಲ್ಲಿ ಕುಳಿತು ಅವನ ಜೊತೆ ಮನೆಗೆ ಹೋಯಿತು. ಮುದ್ದೇಬಿಹಾಳದಲ್ಲಿ ಎರಡೂವರೆಗೆ ಕರೆಂಟು ಹೋಗಿ ಬಂತು.

ಮೂರು ಹೊಡೆದು ಐದು ನಿಮಿಷಕ್ಕೆ ಇಂಡಿಯ ಫೋನು ಗಣಗಣಿಸಿತು.

"ಇಸಾಕಣ್ಣ, ಡಬ್ಬಿ ಆರಿ ಹತ್ತೇತ್ರಿ. ಈಗ ಒಳಗ ಬಿಡವಲ್ದು," ಎಂದ ರಾಚಪ್ಪ.

"ಪಾಸ್‌ವರ್ಡು ಕೇಳತೈತೇನು?"

"ಹೌದ್ರಿ. ಜನವರಿದು ನನಗ ಗೊತ್ತಿತ್ತಲ್ರಿ, ಅದನ್ನ ಹೊಡದೆ. ತಪ್ಪು ಅಂತು. ಮತ್ತ ಹೊಡದೆ, ಗಟ್ಟಿಯಾಗಿ. ಮತ್ತ ತಪ್ಪು ಅಂತು."

ಇಸಾಕ ಕುರ್ಚಿಯಿಂದ ಎದ್ದ. "ಎರಡ ಸಲ ಹೊಡದಿ? ಮೂರನೇದ್ದಕ್ಕ ಕೈ ಹಚ್ಚಬ್ಯಾಡೋ ಮಾರಾಯಾ! ಅದು ಕೀಲಿ ಹಾಕ್ಕೊಂಡ್ರ ದೇವ್ರು ಬಂದ್ರೂ ತೆಗಿಯೂದಿಲ್ಲ. ಸುಮ್ನ ಕೈ ಕಟ್ಟಿಕೊಂಡು ಕೂಡು."

"ಕೈ ಕಟ್ಟಿಕೊಂಡ್ರ ಫೋನ್ ಹೆಂಗ ಹಿಡೀಲ್ರಿ?" ಎಂದು ಕೇಳಿ ರಾಚಪ್ಪ ದನಿ ತಗ್ಗಿಸಿದ. "ಸೈದಾಬಿ ಇಲ್ಲೇ ಬಂದು ಕುಂತಾಳ್ರಿ, ಗಂಟು ಕಟಿಗೊಂಡು. ಹೆಸರು ಹೋತೇನಪಾ ಅಂತ ಕೇಳಾಕತ್ತಾಳ. ಏನ ಹೇಳಲಿ?"

"ಹೊಂಟೈತಿ ಅನ್ನು."

ಫೋನು ಇಟ್ಟ ಇಸಾಕನಿಗೆ ಬಸಂತರಾಯರು ಗಡಿಯಾರ ತೋರಿಸಿದರು. ಸೊಲ್ಲಾಪುರಕ್ಕೆ ಹೇಳಿ ಒಂದು ತಾಸು ಹೆಚ್ಚು ಕೇಳಿದರೆ ಎಂದು ಇಸಾಕ ಅಂದ. ಪಟ್ಟಿ ತಡವಾದದ್ದು ನೋಡಿ ಅವರು ಮೂರಕ್ಕೆ ಮುಂಚೆಯೇ ಕೇಳಿದ್ದರು. ಲೆನ್ಸಿನ ಪೆಟ್ಟಿಗೆ ನಾಲ್ಕಕ್ಕೆ ಮುಚ್ಚುತ್ತದೆ ಎಂಬ ಉತ್ತರ ಬಂದಿತ್ತು. ಬಸ್ ನಿಲ್ದಾಣದಲ್ಲಿ ವಿಚಾರಿಸಿದರೆ ಕಡ್ಡಿಪೆಟ್ಟಿಗೆ ತರುವ ಕಂಡಕ್ಟರು ರಜೆಯ ಮೇಲಿದ್ದ.

ವಿದ್ಯಾವತಿಯ ಮನೆಯಲ್ಲಿ ಫೋನಿರಲಿಲ್ಲ. ಅವಳ ಊರು ನಾಲತವಾಡದ ಎಸ್‌ಟಿಡಿ ಬೂತಿಗೆ ಹಚ್ಚಿ, ಕರೆಸಿ ಎಂದು ಬೇಡಿಕೊಂಡದ್ದಾಯಿತು. ಅವಳು ಬಂದಾಗ ಮೂರೂಕಾಲು ದಾಟಿತ್ತು. ಬಂದದ್ದು ಅವಳೊಬ್ಬಳೇ ಅಲ್ಲ. ತೊಟ್ಟಿಲಿನ ಮನೆಯಿಂದ ಸೊಸೆಯನ್ನು ಫೋನಿಗೆ ಕರೆದಿದ್ದಾರೆ ಎಂದರೆ ಏನೋ ಆಗಬಾರದ್ದು ಆಗಿದೆ ಎಂದು ಅತ್ತೆ ಶಂಕ್ರೆವ್ವ ಹಿಂದೆ ಬಂದಿದ್ದಳು. ಅತ್ತೆಯ ಹಿಂದೆ ಹದಿನಾಲ್ಕು ಹೆಂಗಸರು.

"ಬಾಯಾರ, ಹೊಸ ಪದ ಏನಿಟ್ಟೀರಿ? ಈಗಿಂದೀಗ ಹೇಳ್ರಿ."

"ಚೀಟಿ ಕಳಿಸೇನಲ್ರಿ ಸರ?"

"ಚೀಟಿ ರಜಾದ ಮ್ಯಾಲ ಐತಿ. ಬಾಯಿಲೆ ಹೇಳ್ರಿ."

ವಿದ್ಯಾವತಿ ಒಂದೆರಡು ಪದ ತನ್ನಲ್ಲೇ ಗುನುಗಿದಳು. ಆಮೇಲೆ ಸಣ್ಣ ದನಿ: "ನೆನಪಾಗವಲ್ದುರಿ. ಒಂದು ಒಡಪಿನಾಗಿಂದ ಆರಿಸಿದ್ನಿ. ಎಂಟಕ್ಷರ ಬರೂದು ಒಂದ ಇತ್ತು. ಒಡಪು ಮೊದಲಿಂದ ಹೇಳಿದ್ರ ಗೊತ್ತಾಗತೈತ್ರಿ, ನಡಕಿಂದ ಬರೂದಿಲ್ಲ."

"ಹಂಗಾರ ಮೊದಲಿಂದ ಹೇಳ್ರಿ!"

"ಅದೆಂಗ್ರಿ ಹೇಳೂದು? ಒಡಪು ಅಂದ್ರ ಕೊನೀಗೆ ನಮ್ಮ ಮನಿಯವರ ಹೆಸರು ಬರತೈತಿ. ಅತ್ತಿಯವರು ಇಲ್ಲೇ ನಿಂತಾರ. ನೀವು ಗಣಮಕ್ಕಳು. ಬೂತಿನಾಂವ ಬ್ಯಾರೆ ಬಾಯಿ ತಕ್ಕೊಂಡು ಕುಂತಾನ."

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದವಳು ಅದನ್ನು ಒಡಪಿನಲ್ಲಿ ಮಾತ್ರ, ಅದೂ ಹೆಂಗಸರ ನಡುವೆ, ಪ್ರಾಸದ ಮರೆಯಲ್ಲಿ ಹೇಳುತ್ತಾಳೆ. ಅರ್ಧಕ್ಕೆ ನಿಲ್ಲಿಸಿದ ಒಡಪು ಅಪಶಕುನ. ಇಸಾಕನಿಗೆ ಇದು ಗೊತ್ತಿತ್ತು. ಅವನ ಮನೆಯಲ್ಲೂ ಅವನ ಹೆಸರು 'ಇಲ್ಲಿ ಕೇಳ್ರಿ' ಎಂದೇ ಇತ್ತು. ಅವನು ಬೇರೆ ದಾರಿ ಕಾಣದೆ, "ಬಾಯಾರ, ಸೈದಾಬಿ ಚಾಚಿ ಹೆಸರು ಆ ಡಬ್ಬಿಯೊಳಗ ಸಿಕ್ಕೈತ್ರಿ. ನಾಕರೊಳಗ ಬರಲಿಲ್ಲಂದ್ರ ಆಕಿ ಕಣ್ಣು ಹೋಗತೈತಿ," ಎಂದ.

ಬೂತಿನಲ್ಲಿ ಗುಸುಗುಸು. ವಿದ್ಯಾವತಿ ಅದನ್ನು ಅತ್ತೆಗೆ ಹೇಳಿರಬೇಕು. ಶಂಕ್ರೆವ್ವ ಫೋನು ಕಸಿದುಕೊಂಡಳು.

"ಯಾವ ಸೈದಾಬಿಯೋ ತಮ್ಮಾ? ನಮ್ಮ ಕೌದಿ ಸೈದಾಬಿ?"

"ಹೌದ್ರಿ ಯವ್ವಾ."

"ಆಕಿ ಕೌದಿ ಹೊತ್ಕೊಂಡ ನನ್ನ ಐದೂ ಮಕ್ಕಳು ಬೆಳದಾವು. ಏ ವಿದ್ಯಾ, ಹೇಳ! ತೊಟ್ಟಲದಾಗ ಹ್ಯಾಂಗೂ ಹೇಳಾಕಿದ್ದಿ, ಇಲ್ಲೇ ಹೇಳು. ನಾ ಆ ಕಡೆ ಮಾರಿ ಮಾಡತೇನಿ. ಏ ಬೂತಿನವನ, ನೀನೂ ಮಾಡು!"

ಹದಿನಾಲ್ಕು ಹೆಂಗಸರು ಹತ್ತಿರ ಸರಿದರು. ವಿದ್ಯಾವತಿ ಗಂಟಲು ಸರಿಪಡಿಸಿಕೊಂಡಳು. ಇಂಡಿಯಲ್ಲಿ ಇಸಾಕ ಕಿವಿಯ ಮೇಲಿನ ಸ್ಕ್ರೂಡ್ರೈವರನ್ನು ಪೆನ್ನು ಎಂದು ತಿಳಿದು ಕಾಗದದ ಮೇಲೆ ಗೀಚಿ ನೋಡಿ, ಬಸಂತರಾಯರ ಪೆನ್ನು ಕಸಿದುಕೊಂಡ.

"ಕರಿ ಎರಿ ಹೊಲದಾಗ ಬಿಳಿಜೋಳದ ತೆನಿ..."

"ಇದರಾಗ ಐತೇನ್ರಿ ಬಾಯಾರ?"

"ನಡಬರಕ ಮಾತಾಡಬಾರದು!" ಎಂದು ಹದಿನಾಲ್ಕು ದನಿಗಳು. "ಮೊದಲಿಂದ ಹೇಳವ್ವಾ!"

ಮೊದಲಿಂದ ಶುರುವಾಯಿತು.

"ಕರಿ ಎರಿ ಹೊಲದಾಗ ಬಿಳಿಜೋಳದ ತೆನಿ,
ಎಂಟೆತ್ತಿನ ಗಾಡಿ ಮ್ಯಾಲ ಹೇರಿ ತಂದೇನಿ,
ಗೊಳಸಂಗಿ ತವರ ಬಿಟ್ಟು ನಾಲತವಾಡಕ ಬಂದೇನಿ,
ಶ್ರೀಶೈಲಪ್ಪನವರ ಕೈ ಹಿಡದು ನಿಂತೇನಿ!"

ಹೆಂಗಸರು ಹೋ ಎಂದರು. ಯಾರೋ ಬೂತಿನ ಮೇಜು ಬಡಿದರು. ಶಂಕ್ರೆವ್ವ, "ಇನ್ನೊಂದು ಹೇಳ," ಎಂದಳು.

"ಇನ್ನೊಂದು ಬ್ಯಾಡ್ರೀ!" ಎಂದು ಇಸಾಕ ಇಂಡಿಗೆಲ್ಲ ಕೇಳುವಂತೆ ಕೂಗಿದ. "ಪದ ಯಾವುದು?"

"ಬಿಳಿಜೋಳ್ರಿ," ಎಂದಳು ವಿದ್ಯಾವತಿ, ಬೆರಳು ಮಡಿಚಿ ಎಣಿಸಿ. "ಇಂಗ್ಲಿಷಿನಾಗ ಬರೋಬ್ಬರಿ ಎಂಟು."

ಅಷ್ಟು ಹೊತ್ತಿಗೆ ಮಂಡಳಿಯ ಗುಟ್ಟು ಗೊತ್ತಿಲ್ಲದೆ ನಾಲತವಾಡದಲ್ಲಿ ಉಳಿದವನೆಂದರೆ ಶ್ರೀಶೈಲಪ್ಪ ಒಬ್ಬನೇ. ಅವನು ಗಂಡಸರಿಗೆ ಬಡಿಸುತ್ತಿದ್ದ.

ಮೂರು ನಲವತ್ತಕ್ಕೆ ರಾಚಪ್ಪ ಮತ್ತೆ ಫೋನಿಗೆ ಬಂದ. ಇಸಾಕ ಒಂದೊಂದೇ ಅಕ್ಷರ ಹೇಳಿದ, ರಾಚಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಎಂಟು ಅಕ್ಷರಕ್ಕೆ ನಾಲ್ಕು ನಿಮಿಷ. "ಈಗ ಒತ್ತಲೇನ್ರಿ?" ಎಂದು ಕೇಳಿದ. ಇಸಾಕ ಕಾಗದದ ಮೇಲಿನ ಎಂಟೂ ಅಕ್ಷರ ಮತ್ತೊಮ್ಮೆ ಎಣಿಸಿದ. ಒತ್ತು ಎಂದ ಮೇಲೆ, "ಒಳಗ ಬಿಟ್ಟತ್ರಿ!" ಎಂದು ಕೇಳಿಸುವವರೆಗೆ ಅವನು ಉಸಿರಾಡಲಿಲ್ಲ ಎಂದು ಬಸಂತರಾಯರು ಇಂದಿಗೂ ಹೇಳುತ್ತಾರೆ, ಅವರ ಕಣ್ಣು ಗಡಿಯಾರದ ಮೇಲಿತ್ತು, ಹಾಗಾಗಿ ಅವರ ಮಾತನ್ನು ಪೂರ್ತಿ ನಂಬುವಂತಿಲ್ಲ.

ಇಸಾಕ ಇಂಡಿಯ ಯಂತ್ರದಲ್ಲೂ ಅದೇ ಪದ ಇಟ್ಟ. ಇನ್ನು ಪಟ್ಟಿ ಬರಬೇಕು. ಆದರೆ ಅದು ಬರಬೇಕಾದದ್ದು ಇದೇ ಫೋನಿನ ತಂತಿಯ ಮೇಲೆ. ಮಾತಾಡುತ್ತಿದ್ದರೆ ಪಟ್ಟಿ ಬರುವುದಿಲ್ಲ. ಪಟ್ಟಿ ಬರಬೇಕಾದರೆ ರಾಚಪ್ಪನನ್ನು ಅವನ ಒಂದು ಬೆರಳಿನ ಜೊತೆ ಒಂಟಿಯಾಗಿ ಬಿಡಬೇಕು.

"ಬಾಯಾರು ತೋರಿಸಿದ ಗುಂಡಿ ಒತ್ತು. ಒಂದ ಸಲ. ಗಟ್ಟಿಯಾಗಿ ಬ್ಯಾಡ. ಫೋನ್ ಇಡಾಕತ್ತೇನಿ," ಎಂದು ಇಸಾಕ ಇಟ್ಟ.

ನಾಲ್ಕು ನಿಮಿಷ ಏನೂ ಇಲ್ಲ. ಐದು. ಬಸಂತರಾಯರು ನೀರು ಕುಡಿದರು. ಮೂರು ಐವತ್ತೆರಡಕ್ಕೆ ಮೋಡೆಮ್ ಎಂಬ ಆ ಸಣ್ಣ ಪೆಟ್ಟಿಗೆ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿತು. ಪರದೆಯ ಮೇಲೆ ಹೆಸರುಗಳು ಇಳಿದವು. ಇಸಾಕ ಬೆರಳಿಟ್ಟು ಏಳರವರೆಗೆ ಎಣಿಸಿದ, ಏಳನೆಯದನ್ನು ಎರಡು ಸಲ ಓದಿದ. ಹನ್ನೊಂದೂ ಜನ ನಾಲ್ಕಕ್ಕೆ ಮೊದಲು ಸೊಲ್ಲಾಪುರ ಮುಟ್ಟಿದರು.

ಭಾನುವಾರ ಸೈದಾಬಿಗೆ ಆಪರೇಷನ್ ಆಯಿತು. ಸೋಮವಾರ ಕಣ್ಣಿನ ಪಟ್ಟಿ ಬಿಚ್ಚಿದಾಗ ಡಾಕ್ಟರು ಬೆರಳೆತ್ತಿ, "ಎಷ್ಟು?" ಎಂದು ಕೇಳಿದರು. ಅವಳು ಬೆರಳು ನೋಡಲಿಲ್ಲ. ಹಾಸಿಗೆಯ ಅಂಚು ಹಿಡಿದು, ಹತ್ತಿರ ತಂದು, "ಈ ಹೊಲಿಗಿ ಯಾರು ಹಾಕ್ಯಾರ? ಟಾಕಿ ಒಂದು ಇಂಡಿಗೆ ಬಿದ್ದೈತಿ, ಒಂದು ಸೊಲ್ಲಾಪುರಕ್ಕ," ಎಂದಳು. ಹೊಲಿಗೆ ಎಂದ ಕೂಡಲೇ ಡಾಕ್ಟರು ಗಾಬರಿಯಾಗಿ ಕಣ್ಣು ಪರೀಕ್ಷಿಸಿದರು. ಕಣ್ಣು ಸರಿಯಾಗಿತ್ತು, ಹಾಸಿಗೆಯದೇ ತಪ್ಪು. ಆ ವಾರ ಮಂಡಳಿಯ ಅಷ್ಟೂ ಹಾಸಿಗೆಗಳನ್ನು ಅವಳು ಬಿಚ್ಚಿ ಹೊಲಿದು ಹೋದಳು. ಇಸಾಕನ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಕಂಡಿತು ಬೇಟಾ, ತೂತು."

ಒಡಪು ಹಾಕಿ ಕಂಪ್ಯೂಟರ್ ತೆಗೆದ ಕತೆ ನಾಲ್ಕೂ ತಾಲೂಕು ಸುತ್ತಿತು. ಮುಂದೆ ಅಂಥ ಗಂಡಾಂತರ ಬರಲಿಲ್ಲ. ಇಸಾಕ ಪ್ರತಿ ತಿಂಗಳ ಮೊದಲ ತಾರೀಖು ತಪ್ಪದೆ ಮುದ್ದೇಬಿಹಾಳಕ್ಕೆ ಹೋಗಿ ಬರುತ್ತಿದ್ದ. ಕಡ್ಡಿಪೆಟ್ಟಿಗೆಗಳು ನಿಂತವು, ಪದ ಆರಿಸುವ ಸರದಿ ನಿಂತಿತು. ಅವನು ಏನೋ ದೊಡ್ಡ ಉಪಾಯ ಮಾಡಿದ್ದಾನೆ ಎಂದು ಎಲ್ಲರೂ ನಂಬಿದರು. ಯಾರೂ ಕೇಳಲಿಲ್ಲ, ನಡೆಯುತ್ತಿರುವುದನ್ನು ಕೇಳಿ ನಿಲ್ಲಿಸುವ ಅಭ್ಯಾಸ ಮಂಡಳಿಗೆ ಇರಲಿಲ್ಲ.

ಎರಡು ಸಾವಿರದ ನಾಲ್ಕರ ದೀಪಾವಳಿ ಶಿಬಿರಕ್ಕೆ ಬಂದ ಡಾಕ್ಟರು ಒಂದು ದಪ್ಪ ಫೈಲು ತಂದಿದ್ದರು. ಎರಡು ಸಾವಿರದ ಒಂದರ ದೀಪಾವಳಿ ಶಿಬಿರದಿಂದ ಈಚಿನ ಪಟ್ಟಿಗಳನ್ನೆಲ್ಲ ಕೂಡಿಸಿ ಅವರು ಪುಣೆಯ ಸಮ್ಮೇಳನದಲ್ಲಿ ಓದಲು ಪ್ರಬಂಧ ಬರೆಯುತ್ತಿದ್ದರು. ಮಂಡಳಿಯ ಪಟ್ಟಿಯಲ್ಲಿ ತಪಾಸಣೆಯ ತಾರೀಖು, ತಿಂಗಳನ್ನು ಯಂತ್ರವೇ ಹಾಕುತ್ತಿತ್ತು. ಇಸವಿಗೆ ಜಾಗ ಬಿಟ್ಟಿರಲಿಲ್ಲ. ಇಂಡಿ, ಸಿಂದಗಿ, ಬಾಗೇವಾಡಿಯ ಜನ ವರ್ಷದ ಹನ್ನೆರಡೂ ತಿಂಗಳು ಕಣ್ಣು ತೋರಿಸಲು ಬಂದಿದ್ದರು. ಮುದ್ದೇಬಿಹಾಳದ ನೂರಾ ತೊಂಬತ್ತು ಜನ ಮಾತ್ರ, ಒಬ್ಬರೂ ತಪ್ಪದೆ, ಜನವರಿಯಲ್ಲೇ ಬಂದಿದ್ದರು.

ಊಟದ ಹೊತ್ತಿಗೆ ಇದು ದೊಡ್ಡ ಚರ್ಚೆಯಾಯಿತು. ಸಂಕ್ರಾಂತಿಯ ಎಳ್ಳಿನಿಂದ ಹೀಗಾಗುತ್ತದೆ ಎಂದು ಬಸಂತರಾಯರು. ಕೃಷ್ಣೆಯ ನೀರು ಎಂದು ಮತ್ತೊಬ್ಬರು. ಸುಗ್ಗಿಗೆ ಮುಂಚೆ ಹೊಲದ ಕೆಲಸ ಕಡಿಮೆ, ಆಗಲೇ ಜನಕ್ಕೆ ಕಣ್ಣು ನೆನಪಾಗುವುದು ಎಂದು ಮೂರನೆಯವರು. ಡಾಕ್ಟರು ಇದನ್ನು ಬರೆದುಕೊಂಡರು. ಚಳಿಗಾಲದ ಬಿಸಿಲಿನ ಕೋನದ ಬಗ್ಗೆ ಅವರದೇ ಒಂದು ಸಿದ್ಧಾಂತವಿತ್ತು, ಎರಡು ಪುಟ ಆಗಲೇ ಮುಗಿದಿತ್ತು. ಕೊನೆಗೆ ಅವರು, ನಾಲ್ಕೂ ತಾಲೂಕು ತಿರುಗುವವನೆಂದು, ಮೂಲೆಯಲ್ಲಿ ರೊಟ್ಟಿ ಮುರಿಯುತ್ತಿದ್ದ ಇಸಾಕನ ಕಡೆ ತಿರುಗಿದರು.

"ನೀವು ಹೇಳ್ರಿ ಇಸಾಕ. ಮುದ್ದೇಬಿಹಾಳದ ಜನ ಜನವರಿಯಲ್ಲೇ ಯಾಕೆ ಬರ್ತಾರೆ?"

ಇಸಾಕ ಬಾಯಲ್ಲಿದ್ದ ತುತ್ತು ನುಂಗಿದ.

"ವರ್ಷಪೂರ್ತಿ ಬರ್ತಾರ್ರಿ ಸಾಹೇಬ್ರ. ಆ ಯಂತ್ರಕ್ಕ ಮೂವತ್ತ ದಿನ ತುಂಬಿದ್ರ ಪಾಸ್‌ವರ್ಡು ಬದಲ ಮಾಡು ಅಂತೈತಿ. ಸೈದಾಬಿ ಚಾಚಿದು ಆದ ಮ್ಯಾಲ ನಾ ತುಂಬಾಕ ಬಿಟ್ಟಿಲ್ಲ. ತಿಂಗಳಾ ಹೋಗಿ ಅದರ ಗಡಿಯಾರ ಹಿಂದಕ್ಕ ತಿರುವಿ ಜನವರಿ ಒಂದು ಮಾಡಿ ಬರ್ತೇನಿ. ಮುದ್ದೇಬಿಹಾಳದಾಗ ಇನ್ನಾ ಫೆಬ್ರವರಿನ ಬಂದಿಲ್ಲರಿ."